ಅಗಿಯದೆ ನುಂಗಿ

ಅತ್ತೆ ಗೋಡೆ ಹಿಡಿದು ನಿಂತದ್ದನ್ನು ಅವಳು ಕನ್ನಡಿಯಲ್ಲಿ ನೋಡಿದಳು. ತಲೆ ಬಾಚುತ್ತಿದ್ದ ಕೈ ಹಾಗೇ ನಿಂತಿತು. ಅಡಿಗೆಮನೆಯಿಂದ ಹೊರಬರುತ್ತಿದ್ದ ಅತ್ತೆ, ಬಾಗಿಲ ಪಕ್ಕದ ಗೋಡೆಯೇ ಎಲ್ಲಿಗೋ ಹೊರಟುಬಿಟ್ಟಿದೆ, ತಾವು ತಡೆದು ನಿಲ್ಲಿಸಬೇಕು ಎಂಬಂತೆ ಎರಡೂ ಅಂಗೈ ಊರಿ ನಿಂತಿದ್ದರು. ಕಣ್ಣು ಮುಚ್ಚಿತ್ತು.

"ಮತ್ತೆ ಬಂತಾ ಅತ್ತೆ?"

"ಏನಿಲ್ಲ. ನೀನು ಬಸ್ಸು ತಪ್ಪಿಸ್ಕೋಬೇಡ."

ಅವಳು ಕುರ್ಚಿ ಎಳೆದು ತಂದು ಕೂರಿಸಿದಳು. ಅತ್ತೆಯ ಕೈ ತಣ್ಣಗಿತ್ತು, ತುಟಿ ಬಿಳಿಚಿಕೊಂಡಿತ್ತು. ಮಾತಾಡದೆ ಕೂರುವುದು ಆ ಮನೆಗೆ ಹೊಸದೇನಲ್ಲ. ಕಳೆದ ಚಳಿಗಾಲದಲ್ಲಿ ಅವಳ ಗಂಡ ತೀರಿಹೋದಮೇಲೆ ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಅತ್ತೆಯಾದರೂ ಪಾತ್ರೆಯ ಜೊತೆ, ಹೊಲಿಗೆ ಮಿಷನ್ನಿನ ಜೊತೆ, ಕಿಟಕಿಗೆ ಬರುವ ಬೆಕ್ಕಿನ ಜೊತೆ ಒಂದೆರಡು ಮಾತಾಡುತ್ತಿದ್ದರು. ಸೊಸೆಯದು ಅದೂ ಇಲ್ಲ. "ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಲ್ಲ, ಬೀಗದಕೈ ಎಲ್ಲಿಟ್ಟಿದ್ದೀಯ ಅಂತಾದ್ರೂ ಹೇಳು" ಎಂದು ಅತ್ತೆ ಒಮ್ಮೊಮ್ಮೆ ಕೆಣಕುವುದಿತ್ತು.

ತಲೆಸುತ್ತು ಶುರುವಾದದ್ದು ಈಚೆಗೆ. ರಕ್ತದೊತ್ತಡಕ್ಕೆ ಮೊದಲು ಹೊತ್ತಿಗೊಂದರಂತೆ ಮಾತ್ರೆ ಇತ್ತು. ಹೊಸ ಡಾಕ್ಟರು ಅದನ್ನು ತೆಗೆದು, ಇದು ದಿನಕ್ಕೆ ಒಂದು ಸಾಕು ಎಂದು ಬೇರೆಯದು ಬರೆದುಕೊಟ್ಟಿದ್ದರು. ಬೆಳಿಗ್ಗೆ ಮಾತ್ರೆ, ಅದರ ಬೆನ್ನಿಗೇ ತಲೆಸುತ್ತು. ಅತ್ತೆ ಅದನ್ನು ಮಾತ್ರೆಗೆ ಗಂಟು ಹಾಕಲಿಲ್ಲ, ವಯಸ್ಸಿಗೆ ಗಂಟು ಹಾಕಿದರು. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದವರು. ಎಷ್ಟೇ ಎಣ್ಣೆ ಬಿಟ್ಟರೂ ಹಳೇ ಮಿಷನ್ನು ಹಳೇದೇ ಎನ್ನುವುದು ಅವರ ವೈದ್ಯಶಾಸ್ತ್ರ.

ಒಲೆಯ ಪಕ್ಕದ ಕಟ್ಟೆಯ ಮೂಲೆಯಲ್ಲಿ ಕರಿಕಲ್ಲಿನ ಕುಟ್ಟಾಣಿ ಇತ್ತು. ಅತ್ತೆ ಹುಟ್ಟಿದಾಗಿನಿಂದ ಒಂದು ಮಾತ್ರೆಯನ್ನೂ ಇಡಿಯಾಗಿ ನುಂಗಿದವರಲ್ಲ. ಚಿಕ್ಕಂದಿನಲ್ಲಿ ಒಂದು ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣು ಮೇಲೆ ಮಾಡಿದ್ದರಂತೆ. ಅಂದಿನಿಂದ ತಲೆನೋವಿನದಾಗಲಿ ಜ್ವರದ್ದಾಗಲಿ, ಕುಟ್ಟಾಣಿಗೆ ಬಿದ್ದು, ಹಿಟ್ಟಾಗಿ, ಒಂದು ಚಮಚ ಜೇನುತುಪ್ಪದಲ್ಲಿ ಕಲಸಿಕೊಂಡೇ ಒಳಗೆ ಹೋಗಬೇಕು. ಬೆಳಿಗ್ಗೆ ಆ ಮನೆ ಏಳುತ್ತಿದ್ದದ್ದೇ ಕುಟ್ಟಾಣಿಯ ಸದ್ದಿಗೆ.

ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ಕುರ್ಚಿಯಿಂದಲೇ ಕರೆದರು.

"ಸಂಜೆ ಬೇಗ ಬಾ. ಮೇಲಿನ ಮನೆಯೋಳು ಬರ್ತಾಳೆ. ಅವರಪ್ಪನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದಿದ್ದಾರಲ್ಲ, ಗಂಟಲಲ್ಲಿ ಏನೂ ಇಳಿಯಲ್ವಂತೆ. ಮಾತ್ರೆ ಹೆಂಗೆ ಕೊಡ್ಲಿ ಅಂತ ಅಳ್ತಿದ್ಲು. ಅಳಬೇಡ, ನಾನು ಹೇಳ್ಕೊಡ್ತೀನಿ ಅಂದೆ."

ಆ ದನಿಯಲ್ಲಿ ಏನೋ ಒಂದು ಚುರುಕಿತ್ತು. ಚಳಿಗಾಲದಿಂದೀಚೆಗೆ ಅವಳು ಅದನ್ನು ಕೇಳಿರಲಿಲ್ಲ.

ಔಷಧಿಯ ಪೆಟ್ಟಿಗೆ ತೆರೆದರೆ ಒಳಗೊಂದು ತೆಳು ಹಾಳೆ ಇರುತ್ತದೆ. ಸೀರೆಯ ನೆರಿಗೆಗಿಂತ ಹೆಚ್ಚು ಮಡಿಕೆ ಅದಕ್ಕೆ. ಬಹಳ ಜನ ಅದನ್ನು ಬಿಚ್ಚುವುದೇ ಇಲ್ಲ. ಆ ಹಾಳೆಯ ಇಂಗ್ಲಿಷನ್ನು ನಮ್ಮ ಮಾತಿಗೆ ತರುವುದು ಅವಳ ಕಚೇರಿಯ ಕೆಲಸ. ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ, ನಾಲ್ಕಾರು ಮೇಜು, ಸದಾ ನೀರು ತೊಟ್ಟಿಕ್ಕುವ ಒಂದು ನಲ್ಲಿ. ಮುಖ್ಯಸ್ಥೆ ಔಷಧಶಾಸ್ತ್ರ ಓದಿದವರು. ಅವರನ್ನು ಎದುರಿಗೆ ಕರೆಯುವುದು ಮೇಡಂ ಎಂದು, ಬೆನ್ನ ಹಿಂದೆ ಇಂಚುಪಟ್ಟಿ ಎಂದು. ಹಾಳೆಯ ಮೇಲೆ ಪ್ರತಿ ಮಾತಿಗೂ ಎಷ್ಟು ಜಾಗ ಎಂದು ಅಳೆಯಲು ಅವರ ಕೈಯಲ್ಲಿ ಯಾವಾಗಲೂ ಉಕ್ಕಿನ ಇಂಚುಪಟ್ಟಿ ಇರುತ್ತಿತ್ತು. ಪಕ್ಕದ ಮೇಜಿನ ಹಿರಿಯರಿಗೆ ನಿಘಂಟು ಎಂದು ಹೆಸರು. ವಿಶ್ವವಿದ್ಯಾಲಯದ ದೊಡ್ಡ ನಿಘಂಟಿನಲ್ಲಿ ದುಡಿದವರು. ಅದು 'ಪ' ಅಕ್ಷರಕ್ಕೆ ಬರುವ ಹೊತ್ತಿಗೆ ಮುಚ್ಚಿಹೋಯಿತು. ಅಲ್ಲಿಯವರೆಗಿನದು ನನಗೆ ಗೊತ್ತು, ಮುಂದಿನದು ದೇವರಿಗೆ ಬಿಟ್ಟದ್ದು ಎಂದು ಅವರೇ ನಗಾಡುತ್ತಿದ್ದರು.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್ನೂ ಮದುವೆಯಾಗಿರಲಿಲ್ಲ ಆಗ, ಒಂದು ಸಾಲು ಇಡೀ ಕಚೇರಿಯನ್ನು ಎಬ್ಬಿಸಿ ಕೂರಿಸಿತ್ತು. ಸಾಲಿನಲ್ಲಿ ಎರಡು ಬೇಡಗಳಿದ್ದವು: ಮಾತ್ರೆಯನ್ನು 'ಕ್ರಷ್' ಮಾಡಬೇಡಿ, ಅಗಿಯಬೇಡಿ. ಅಗಿಯುವುದಕ್ಕೆ ತಕರಾರಿರಲಿಲ್ಲ. ತಕರಾರು ಬಂದದ್ದು ಕ್ರಷ್‌ಗೆ. ಇಂಗ್ಲಿಷಿನವರಿಗೆ ಆ ಒಂದು ಮಾತು ಸಾಕು. ಕಲ್ಲನ್ನೂ ಕ್ರಷ್ ಮಾಡುತ್ತಾರೆ, ಹಣ್ಣನ್ನೂ ಮಾಡುತ್ತಾರೆ, ದಂಗೆಯನ್ನೂ ಮಾಡುತ್ತಾರೆ. ಕಾಲೇಜು ಹುಡುಗರಿಗೆ ಹುಡುಗಿಯರ ಮೇಲೆ ಆಗುವುದೂ ಅದೇ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಮೆಣಸನ್ನು ಕುಟ್ಟಬೇಕು, ಬೆಳ್ಳುಳ್ಳಿಯನ್ನು ಜಜ್ಜಬೇಕು, ನೆನೆದ ಕಾಳನ್ನು ಅರೆಯಬೇಕು, ಮಾಗಿದ ಹಣ್ಣನ್ನು ಕಿವುಚಬೇಕು, ನಿಂಬೆಯನ್ನು ಹಿಂಡಬೇಕು, ತಿಗಣೆಯನ್ನು ಹೊಸಕಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

"ಕುಟ್ಟಬೇಡಿ ಅಂತ ಬರೀರಿ, ಅರೆಯೋರು ಅರೀತಾರೆ. ಅರೆಯಬೇಡಿ ಅಂತ ಬರೀರಿ, ಎರಡು ಚಮಚದ ಮಧ್ಯೆ ಇಟ್ಟು ಒತ್ತೋರು ಒತ್ತುತಾರೆ" ಎಂದಿದ್ದರು ನಿಘಂಟು. "ನಾವು ಚಾಪೆ ಕೆಳಗೆ ತೂರಿದ್ರೆ ಜನ ರಂಗೋಲಿ ಕೆಳಗೆ ತೂರ್ತಾರೆ."

ಪುಡಿ ಮಾಡಬೇಡಿ ಎಂದರೆ ಎಲ್ಲವೂ ಬಂತಲ್ಲ ಎಂದರು ಮೇಡಂ. ಪುಡಿಯ ಹತ್ತಿರ ಬಂದಾಗಲೇ ನಮ್ಮ ನಿಘಂಟು ಪುಡಿಯಾದದ್ದು, ಅಪಶಕುನ ಎಂದು ಹಿರಿಯರು ತಲೆ ಅಲ್ಲಾಡಿಸಿದರು. ಎಲ್ಲರೂ ನಕ್ಕರು. ಮೇಡಂ ಇಂಚುಪಟ್ಟಿ ಇಟ್ಟು ನೋಡಿದರೆ ಎರಡು ಬೇಡಗಳೂ ಆ ಜಾಗದಲ್ಲಿ ಕೂರುತ್ತಿರಲಿಲ್ಲ. ಒಂದಲ್ಲ ಒಂದು ಹೊರಗೆ ನಿಲ್ಲಬೇಕಾಗಿತ್ತು. ಆಗ ಕೊನೆಯ ಮೇಜಿನಿಂದ ಅವಳು ಬಾಯಿ ತೆರೆದಿದ್ದಳು.

"ಮಾತ್ರೇನ ಯಾರು ಪುಡಿ ಮಾಡ್ಕೊಂಡು ತಿಂತಾರೆ ಮೇಡಂ? ಅಗಿಯದೆ ನುಂಗಿ ಅಂದ್ರೆ ಸಾಲ್ದಾ?"

ಎರಡೇ ಮಾತು. ಇಂಚುಪಟ್ಟಿ ಇಟ್ಟರೆ ಜಾಗ ಇನ್ನೂ ಉಳಿದಿತ್ತು. ಅಂಥ ಮಾತ್ರೆಗಳ ಹಾಳೆ ಬಂದಾಗಲೆಲ್ಲ ಅದೇ ಸಾಲು ಹೋಗತೊಡಗಿತು. ಕಚೇರಿಯಲ್ಲಿ ಅದಕ್ಕೆ ಅವಳ ಸಾಲು ಎಂದೇ ಹೆಸರಾಯಿತು. ಪುಡಿ ಮಾಡಿದರೆ ಏನಾಗುತ್ತದೆ ಎಂದು ಅವಳು ಕೇಳಿರಲಿಲ್ಲ. ಇಂಗ್ಲಿಷ್ ಹಾಳೆಯೂ ಹೇಳಿರಲಿಲ್ಲ.

ಈ ದಿನ ಮೇಜಿನ ಮೇಲಿದ್ದದ್ದು ರಕ್ತದೊತ್ತಡದ ಒಂದು ಮಾತ್ರೆಯ ಹಾಳೆ. ಹಳೆಯದೇ. ತಯಾರಕರು ಅಲ್ಲಲ್ಲಿ ಹೊಸದಾಗಿ ಸೇರಿಸಿ ಕಳಿಸಿದ್ದರು. ಅವಳು ಹಳೆಯ ಸಾಲುಗಳನ್ನು ಹಾಗೇ ಬಿಟ್ಟು ಹೊಸದನ್ನಷ್ಟೇ ಬರೆಯುತ್ತ ಹೋದಳು. ಅವಳ ಸಾಲಿನ ಪಕ್ಕದಲ್ಲಿ ಒಂದು ವಾಕ್ಯ ಹೊಸದಾಗಿ ಬಂದು ನಿಂತಿತ್ತು. ಅವಳು ಬರೆದಳು: ಈ ಮಾತ್ರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂತೆ ಮಾಡಿದ್ದು, ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತದೆ.

ಬರೆದಾದ ಮೇಲೆ ಓದಿದಳು. ಮೊದಲು ಕಂಡದ್ದು ಗೋಡೆಗೆ ಊರಿದ ಎರಡು ಅಂಗೈ.

ಮನೆಗೆ ಫೋನು ಮಾಡಿದಳು. ಅತ್ತೆ ಚೆನ್ನಾಗಿದ್ದರು, ಬೆಕ್ಕಿಗೆ ಬೈಯುತ್ತಿದ್ದರು. ಯಾಕೆ ಫೋನು ಎಂದರು. ಸುಮ್ಮನೆ ಎಂದಳು. ಸುಮ್ಮನೆ ಫೋನು ಮಾಡುವವಳಲ್ಲವಲ್ಲ ನೀನು ಎಂದರು ಅತ್ತೆ. ಇವತ್ತಿನ ಮಾತ್ರೆ ಆಗಿಹೋಗಿತ್ತು. ನಾಳೆ ಬೆಳಗಿನವರೆಗೆ ಭಯವಿಲ್ಲ. ಫೋನು ಕೆಳಗಿಟ್ಟಳು. ಆಮೇಲೆ ಇನ್ನೊಂದು ಯೋಚನೆ ಬಂತು. ಅದು ನಿಧಾನವಾಗಿಯೇ ಬಂತು.

ಗಂಡನಿಗೆ ಗಂಟಲಲ್ಲಿ ಕಾಯಿಲೆ. ಇನ್ನು ವಾಸಿಯಾಗುವಂಥದ್ದಲ್ಲ, ಕೆಲವು ತಿಂಗಳು ನೋವಿಲ್ಲದೆ ಇರುವಂತೆ ನೋಡಿಕೊಳ್ಳೋಣ ಎಂದು ಡಾಕ್ಟರು ನೋವಿನ ಮಾತ್ರೆ ಬರೆದಿದ್ದರು. ಹಸಿರು ಪೆಟ್ಟಿಗೆ. ಅದನ್ನು ತಂದ ದಿನ ಅವನೇ ಹಾಳೆ ಬಿಚ್ಚಿದ. ಆಗಲೇ ದನಿ ಹೋಗಿ ಪಿಸುಮಾತಷ್ಟೇ ಉಳಿದಿತ್ತು. ಹುಡುಕಿ ಬೆರಳಿಟ್ಟು, ನೋಡಮ್ಮ, ನಿನ್ನ ಸೊಸೆ ಬರೆದದ್ದು ಎಂದು ಅತ್ತೆಗೆ ತೋರಿಸಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದರು. ಅದು ಅವರ ಅಭ್ಯಾಸ. ಬಸ್ಸಿನ ಟಿಕೇಟಿನ ಹಿಂಬದಿಯನ್ನೂ ಬಿಡದೆ ಓದುವವರು. ಅಗಿಯದೆ ನುಂಗಿ ಎಂಬಲ್ಲಿ ನಿಂತು, "ಸರಿ, ಅಗಿಯೋ ಕಷ್ಟಾನೇ ಬೇಡ ನಿಂಗೆ" ಎಂದು ಕುಟ್ಟಾಣಿ ಎಳೆದುಕೊಂಡರು. ಹಾಳೆ ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದರು. ಹೂವಿನ ಪರಾಗದಷ್ಟು ನಯವಾಗಿ ಪುಡಿ ಮಾಡುತ್ತಿದ್ದರು. ಜೇನುತುಪ್ಪದ ಚಮಚ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಅವಳು. ತಾನು ಬಿಟ್ಟಿದ್ದ ಇನ್ನೊಂದು ಬೇಡ ಆಗ ಅವಳ ನೆನಪಿಗೂ ಬಂದಿರಲಿಲ್ಲ.

ಡಾಕ್ಟರು ಹೇಳಿದ ತಿಂಗಳುಗಳು ಬರಲಿಲ್ಲ. ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಬಂದವರೆಲ್ಲ ನಿದ್ದೆಯಲ್ಲೇ ಹೋದನಲ್ಲ, ಪುಣ್ಯವಂತ ಎಂದರು. ಕೊನೆಯವರೆಗೂ ನೋವು ಅಂತ ಕೂಗಿಸಲಿಲ್ಲ, ಒಂದು ಹೊತ್ತೂ ಮಾತ್ರೆ ತಪ್ಪಿಸಲಿಲ್ಲ ಎಂದು ಅತ್ತೆ ಎಲ್ಲರಿಗೂ ಹೇಳಿದರು. ಆಮೇಲಿನ ದಿನಗಳಲ್ಲಿ ಅತ್ತೆ ಹಿಡಿದುಕೊಂಡು ನಿಂತದ್ದು ಆ ಒಂದು ಮಾತನ್ನೇ.

ಅವಳು ಎದ್ದು ಮೇಡಂ ಮೇಜಿನ ಹತ್ತಿರ ಹೋದಳು. ಹಾಳೆಯನ್ನು ಮುಂದಿಟ್ಟು ಆ ವಾಕ್ಯ ತೋರಿಸಿದಳು. ನೋವಿನ ಮಾತ್ರೆಯಲ್ಲೂ ಹೀಗೆಯೇ ಆಗುತ್ತದೆಯೇ ಎಂದು ಕೇಳಿದಳು. ಯಾವ ನೋವಿನ ಮಾತ್ರೆ ಎಂದರು ಅವರು. ಹೇಳಿದಳು.

"ಅದಂತೂ ಪುಡಿ ಮಾಡಲೇಬಾರದು. ನುಂಗೋಕಾಗದವರಿಗೆ ಅದೇ ನೀರಿನ ರೂಪದಲ್ಲಿ ಬರುತ್ತೆ. ಒಂದೇ ಸಲ ಇಳಿದ್ರೆ ಮಂಪರು ಜಾಸ್ತಿಯಾಗುತ್ತೆ, ಉಸಿರು..." ಎಂದವರು ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದರು. ಅವನು ಹೋದ ಮಧ್ಯಾಹ್ನ ಅವಳ ಮನೆಗೆ ಬಂದವರಲ್ಲಿ ಅವರೂ ಇದ್ದರು. ಕಿಟಕಿಯ ಮೇಲಿದ್ದ ಹಸಿರು ಪೆಟ್ಟಿಗೆಯನ್ನು ಅವರೂ ನೋಡಿದ್ದರು.

"ಹೇಳೋಕಾಗಲ್ಲ ಕಣಮ್ಮ" ಎಂದರು ಆಮೇಲೆ. "ಆ ಕಾಯಿಲೇನೇ ಅಂಥದ್ದು. ಅದರಿಂದ್ಲೇ ಅಂತ ಯಾರೂ ಹೇಳೋಕಾಗಲ್ಲ."

"ಅಲ್ಲ ಅಂತಲೂ ಹೇಳೋಕಾಗಲ್ಲ ಅಲ್ವಾ ಮೇಡಂ?"

ನಲ್ಲಿ ತೊಟ್ಟಿಕ್ಕುತ್ತಿತ್ತು.

ಆ ಸಾಲನ್ನು ಎಲ್ಲ ಹಾಳೆಗಳಲ್ಲೂ ತಿದ್ದಬೇಕು ಎಂದಳು ಅವಳು. ಮೇಡಂ ಬಹಳ ಹೊತ್ತು ಇಂಚುಪಟ್ಟಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೂತರು. ತಿದ್ದುವುದೆಂದರೆ ಹಳೆಯದು ತಪ್ಪು ಎಂದು ತಯಾರಕರಿಗೆಲ್ಲ ಬರೆದು ತಿಳಿಸಬೇಕು. ಇಷ್ಟು ದಿನ ನೀವೇನು ಮಾಡುತ್ತಿದ್ದಿರಿ ಎಂದು ಅವರು ಕೇಳುತ್ತಾರೆ. ಕಚೇರಿಯೇ ಉಳಿಯುತ್ತದೋ ಇಲ್ಲವೋ. ಇದನ್ನೆಲ್ಲ ಮೇಡಂ ಸಣ್ಣ ದನಿಯಲ್ಲಿ ಹೇಳಿದರು. ಬರೆದವಳು ನಾನೆಂದೇ ತಿಳಿಸಿ ಎಂದಳು ಅವಳು. ನೀನು ಬರೆದೆ, ಸಹಿ ಹಾಕಿದ್ದು ನಾನಲ್ಲವಾ ಎಂದರು ಮೇಡಂ. ಕೊನೆಗೆ ಹಾಳೆಯನ್ನು ಎಳೆದುಕೊಂಡು ಇಂಚುಪಟ್ಟಿ ಇಟ್ಟರು. ಇನ್ನೊಂದು ಸಾಲಿಗೆ ಜಾಗ ಇರಲಿಲ್ಲ. ಹಾಳೆಯ ಬುಡದಲ್ಲಿ ಅನುವಾದ ಮಾಡಿದವರೆಂದು ಕಚೇರಿಯ ಹೆಸರು, ವಿಳಾಸ ಇರುತ್ತಿತ್ತು. ಮೇಡಂ ಅದರ ಮೇಲೆ ಅಡ್ಡ ಗೆರೆ ಎಳೆದರು.

"ಈಗ ಕೂರುತ್ತೆ. ಬರಿ."

ಅವಳು ಬರೆದಳು: ಪುಡಿ ಮಾಡಬೇಡಿ. ಅಗಿಯಬೇಡಿ. ಇಡಿಯಾಗಿ ನುಂಗಿ.

ನಿಘಂಟು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದು ಲೋಟ ಟೀ ತಂದು ಅವಳ ಮೇಜಿನ ಮೇಲಿಟ್ಟರು. ಹೋಗದೆ ಅಲ್ಲೇ ನಿಂತರು.

"ಅವತ್ತು ನಗಾಡ್ಕೊಂಡು ಕೂತಿದ್ವಲ್ಲ" ಎಂದರು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆಗ ಅವಳಿಗೆ ಹೊಳೆಯಿತು: ಹೊಸ ಸಾಲು ಅಚ್ಚಾಗಿ, ಮಡಿಕೆಯಾಗಿ, ಅತ್ತೆಯ ಮಾತ್ರೆ ಪೆಟ್ಟಿಗೆಯೊಳಗೂ ಒಂದು ದಿನ ಬರುತ್ತದೆ. ಅತ್ತೆ ಕನ್ನಡಕ ಹಾಕಿಕೊಳ್ಳುತ್ತಾರೆ. ಗಟ್ಟಿಯಾಗಿ ಓದುತ್ತಾರೆ. ಪುಡಿ ಮಾಡಬೇಡಿ ಎಂಬಲ್ಲಿ ನಿಲ್ಲುತ್ತಾರೆ. ಅತ್ತೆ ದಡ್ಡಿಯಲ್ಲ. ಒಂದು ದಾರ ಸಿಕ್ಕರೆ ಇಡೀ ಹೊಲಿಗೆ ಬಿಚ್ಚಬಲ್ಲವರು.

ಅದಕ್ಕೆ ಮೊದಲೇ ಹೇಳಬೇಕು. ಎಷ್ಟು ಹೇಳಬೇಕು ಎಂಬುದಷ್ಟೇ ಉಳಿದಿತ್ತು. ಬಿಸಿತುಪ್ಪದ ಗಾದೆ ನೆನಪಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಬೆಳಿಗ್ಗೆ ಅತ್ತೆ ಮಾತ್ರೆ ಕುಟ್ಟಬಾರದು. ಅಷ್ಟಕ್ಕೆ ಎಷ್ಟು ಮಾತು ಬೇಕೋ ಅಷ್ಟೇ ಸಾಕು. ಈ ಹೊಸ ಮಾತ್ರೆ ಒಂದು ಥರದ್ದಂತೆ ಅತ್ತೆ, ಇದನ್ನು ಮಾತ್ರ ಇಡಿಯಾಗಿ ನುಂಗಬೇಕಂತೆ. ಬಸ್ಸು ಇಳಿಯುವವರೆಗೂ ಅವಳು ಆ ವಾಕ್ಯವನ್ನು ತಿದ್ದುತ್ತಲೇ ಇದ್ದಳು. 'ಇದನ್ನು ಮಾತ್ರ' ಎಂಬುದು ಗಟ್ಟಿಯಾಗಿ ಕೂತಿತು. ಅತ್ತೆಯ ಹತ್ತಿರ ಉಳಿದದ್ದು ಮಗನನ್ನು ನೋವಿಲ್ಲದೆ ಕಳಿಸಿಕೊಟ್ಟೆ ಎಂಬ ಒಂದೇ ಒಂದು ಮಾತು. ಅದನ್ನು ಕಿತ್ತುಕೊಳ್ಳಲು ತಾನು ಯಾರು?

ಬಾಗಿಲು ತೆರೆದೇ ಇತ್ತು. ಅಡಿಗೆಮನೆಯಿಂದ ಮಾತು ಕೇಳುತ್ತಿತ್ತು.

ಮೇಲಿನ ಮನೆಯ ಹೆಂಗಸು ಮಣೆಯ ಮೇಲೆ ಕೂತಿದ್ದಳು. ನಿದ್ದೆಗೆಟ್ಟ ಮುಖ, ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದಿದ್ದಳು. ಎದುರಿಗೆ ಅತ್ತೆ, ಮಧ್ಯದಲ್ಲಿ ಕುಟ್ಟಾಣಿ. ಹೊಸಬಳಿಗೆ ಕೆಲಸ ಕಲಿಸುವ ಹಳಬರ ಠೀವಿಯಲ್ಲಿ ಅತ್ತೆ ನೆಟ್ಟಗೆ ಕೂತಿದ್ದರು.

"ಕುಟ್ಟೋದಲ್ಲ, ಮೊದಲು ಒತ್ತಬೇಕು. ಕುಟ್ಟಿದ್ರೆ ಹಾರಿ ಹೋಗುತ್ತೆ. ಒತ್ತಿ ಮುರೀಬೇಕು, ಆಮೇಲೆ ಹಿಂಗೆ ತಿರುಗಿಸಬೇಕು. ನಮ್ಮ ಹುಡುಗನಿಗೆ ನಾನೇ ಮಾಡಿ ಕೊಡ್ತಿದ್ದೆ. ಕೊನೇವರೆಗೂ ಒಂದು ಸಲ ನೋವು ಅಂದಿಲ್ಲ ಅವನು. ಮಗು ಮಲಗಿದ ಹಾಗೆ ಮಲಗಿದ."

ಹೆಂಗಸು ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಅವಳ ಮಡಿಲಲ್ಲಿ ಹಸಿರು ಪೆಟ್ಟಿಗೆ ಇತ್ತು. ಕುಟ್ಟಾಣಿಯೊಳಗೆ ಒಂದು ಮಾತ್ರೆ ಇನ್ನೂ ಇಡಿಯಾಗಿ ಬಿದ್ದಿತ್ತು.

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯ ಇಲ್ಲಿಗೆ ಕೂರುತ್ತಿರಲಿಲ್ಲ. ಅವಳು ಚೀಲವನ್ನು ಕೆಳಗಿಡದೆಯೇ ಬಂದು, ಬಗ್ಗಿ, ಕುಟ್ಟಾಣಿಯೊಳಗೆ ಬೆರಳು ಹಾಕಿ ಮಾತ್ರೆಯನ್ನು ಎತ್ತಿಕೊಂಡಳು.

"ಇದನ್ನ ಪುಡಿ ಮಾಡಬಾರದು."

ಅತ್ತೆ ತಲೆಯೆತ್ತಿದರು. "ಯಾಕೆ?"

"ಪುಡಿ ಮಾಡಿದ್ರೆ ದಿನದ ಔಷಧಿ ಎಲ್ಲ ಒಂದೇ ಸಲಕ್ಕೆ ಇಳಿಯುತ್ತೆ. ಅಪಾಯ."

"ಯಾರು ಹೇಳಿದ್ದು ಹಂಗಂತ? ಹಾಳೇಲಿ ಇಲ್ಲ. ಅಗಿಯದೆ ನುಂಗಿ ಅಂತ ಅಷ್ಟೇ ಇದೆ. ನಾನು ಓದಿದೀನಿ."

"ಆ ಸಾಲು ತಪ್ಪು ಅತ್ತೆ." ಅವಳ ಮುಷ್ಟಿಯಲ್ಲಿ ಮಾತ್ರೆ ಬೆವರಿಗೆ ಅಂಟಿಕೊಳ್ಳುತ್ತಿತ್ತು. "ಬರೆದೋಳು ನಾನು. ಪುಡಿ ಮಾಡಬೇಡಿ ಅಂತಲೂ ಇರಬೇಕಿತ್ತು. ಬಿಟ್ಟುಬಿಟ್ಟೆ."

ಮೇಲಿನ ಮನೆಯ ಹೆಂಗಸು ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದಳು. ತನಗೆ ಗೊತ್ತಿಲ್ಲದ ಯಾವುದೋ ಮನೆಯ ಮಾತು ಎಂದು ಅವಳಿಗೆ ಅನ್ನಿಸಿರಬೇಕು. ಹಾಗಾದರೆ ಅಪ್ಪನಿಗೆ ಹೇಗೆ ಕೊಡಲಿ, ಮಧ್ಯಾಹ್ನದಿಂದ ನರಳುತ್ತಿದ್ದಾರೆ ಎಂದು ಅಳುವ ದನಿಯಲ್ಲಿ ಕೇಳಿದಳು. ಆಸ್ಪತ್ರೆಗೆ ಈಗಲೇ ಫೋನು ಮಾಡಿ, ನುಂಗಲಾಗದವರಿಗೆ ಇದೇ ಔಷಧಿ ನೀರಿನ ರೂಪದಲ್ಲಿ ಇರುತ್ತದೆ, ಅದನ್ನು ಬರೆದುಕೊಡಿ ಎಂದು ಕೇಳಿ ಎಂದಳು ಅವಳು. ಫೋನು ಹಚ್ಚಿಕೊಟ್ಟಳು. ಆ ಕಡೆಯವರು ಯಾರೋ ಬೇಸರದ ದನಿಯಲ್ಲಿ, ಹೌದು, ಇದೆ, ಬಂದು ತೆಗೆದುಕೊಂಡು ಹೋಗಿ ಎಂದರು. ಹೆಂಗಸು ಹಸಿರು ಪೆಟ್ಟಿಗೆಯನ್ನು ಸೆರಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದ ಸದ್ದು ಕೇಳಿತು.

ಅತ್ತೆ ಕೂತಲ್ಲೇ ಇದ್ದರು. ಒದ್ದೆ ಬಟ್ಟೆಯಿಂದ ಕುಟ್ಟಾಣಿಯ ಒಳಗನ್ನು ಒರೆಸುತ್ತಿದ್ದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ನೀರಿನ ಔಷಧಿ ಇರುತ್ತಾ" ಎಂದರು. ಪ್ರಶ್ನೆಯ ಹಾಗೆ ಇರಲಿಲ್ಲ.

"ಇರುತ್ತೆ."

"ಆಗಲೂ ಇತ್ತಾ?"

ಬಸ್ಸಿನಲ್ಲಿ ತಿದ್ದಿ ತಿದ್ದಿ ಕೂರಿಸಿದ 'ಇದನ್ನು ಮಾತ್ರ' ಅವಳ ನಾಲಗೆಯ ಮೇಲೆ ಬಂದು ನಿಂತಿತು. ಹೇಳಿಬಿಡಬಹುದಿತ್ತು. ಇದು ಈಚೆಗೆ ಬಂದದ್ದು, ಆಗ ಇರಲಿಲ್ಲ ಎಂದರೆ ಅತ್ತೆ ನಂಬುತ್ತಿದ್ದರು. ನಂಬಲೆಂದೇ ಕೇಳುತ್ತಿದ್ದರು.

"ಇತ್ತು ಅತ್ತೆ."

ಬಟ್ಟೆ ನಿಂತಿತು. ಅತ್ತೆ ಅವಳನ್ನು ನೋಡಲಿಲ್ಲ. ಕುಟ್ಟಾಣಿಯ ಒಳಗನ್ನೇ ನೋಡುತ್ತಿದ್ದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಅದರಿಂದಲೇ ಅಂತ ಯಾರೂ ಹೇಳುವುದಕ್ಕಾಗುವುದಿಲ್ಲವಂತೆ ಎಂದಳು. ಮೇಡಂ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದಳು. ಆ ಮಾತು ಅಡಿಗೆಮನೆಯಲ್ಲಿ ಬಹಳ ಚಿಕ್ಕದಾಗಿ ಕೇಳಿತು.

"ನಿನ್ನ ಸಾಲು ಅಂತ ಎಲ್ರಿಗೂ ತೋರಿಸ್ತಿದ್ದ ಅವನು" ಎಂದರು ಅತ್ತೆ. "ಹಾಲಿನವನಿಗೂ ತೋರಿಸಿದ್ದ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಅವಳು ಬೆನ್ನು ಒಡ್ಡಿಕೊಂಡೇ ನಿಂತಿದ್ದಳು. ಅತ್ತೆ ಗೋಡೆ ಹಿಡಿದು ಎದ್ದರು. ಹೊರಗೆ ಹಗ್ಗದ ಮೇಲಿದ್ದ ಬಟ್ಟೆಗಳನ್ನು ತಂದು ಮಂಚದ ಮೇಲೆ ಹಾಕಿಕೊಂಡು ಮಡಿಸತೊಡಗಿದರು. ಅವಳು ಎದುರಿಗೆ ಕೂತು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಳು. ಎಳೆದು, ಮಡಿಸಿ, ಅಂಚಿಗೆ ಅಂಚು ಸೇರಿಸುವಾಗ ಇಬ್ಬರ ಕೈಯೂ ಹತ್ತಿರ ಬಂದವು. ಅತ್ತೆ ತುದಿಯನ್ನು ತೆಗೆದುಕೊಂಡರು, ಕೈಯನ್ನು ಮುಟ್ಟಲಿಲ್ಲ. ಊಟಕ್ಕೆ ಕೂತಾಗ ತಟ್ಟೆಗೆ ಬಡಿಸಿದ್ದು ಮಾತ್ರ ಎಂದಿನಷ್ಟೇ ಇತ್ತು.

ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ತಡವಾಗಿ. ಬಿಸಿಲು ಆಗಲೇ ಕಿಟಕಿ ದಾಟಿತ್ತು. ಎದ್ದು ಕೂತಮೇಲೆ ಕುಟ್ಟಾಣಿಯ ಸದ್ದು ಬಂದಿಲ್ಲ ಎಂಬುದು ತಿಳಿಯಿತು. ಬರಿಗಾಲಲ್ಲಿ ಅಡಿಗೆಮನೆಗೆ ಹೋದಳು.

ಅತ್ತೆ ಕುರ್ಚಿಯ ಮೇಲೆ ಕೂತಿದ್ದರು. ಒಂದು ಅಂಗೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ. ಬಹಳ ಹೊತ್ತಿನಿಂದ ಹಾಗೆಯೇ ಕೂತಿದ್ದಂತಿತ್ತು. ಮಾತ್ರೆಯ ಬಣ್ಣ ಅಂಗೈಗೆ ಹತ್ತಿತ್ತು. ಅವಳನ್ನು ನೋಡಿ ಅದನ್ನು ಬಾಯಿಗೆ ಹಾಕಿಕೊಂಡರು. ನೀರು ಕುಡಿದರು. ಕುತ್ತಿಗೆಯ ನರ ಬಿಗಿಯಿತು, ಕಣ್ಣು ಅಗಲವಾಯಿತು, ಮಾತ್ರೆ ಮತ್ತೆ ಅಂಗೈಗೆ ಬಂತು.

"ಆಗಲ್ಲ ಕಣೇ" ಎಂದರು. ಚಿಕ್ಕ ಹುಡುಗಿಯ ದನಿ.

ಹಳೇ ಮಾತ್ರೆಗೇ ಬದಲಾಯಿಸಿಕೊಡಿ ಎಂದು ಡಾಕ್ಟರನ್ನು ಕೇಳೋಣ, ಅದನ್ನು ಪುಡಿ ಮಾಡಿದರೂ ನಡೆಯುತ್ತದೆ ಎಂದಳು ಅವಳು. ಅತ್ತೆ ತಲೆ ಅಲ್ಲಾಡಿಸಿದರು.

"ಹಿಂದೆ ನಿಂತ್ಕೋ."

ಅವಳು ಕುರ್ಚಿಯ ಹಿಂದೆ ಹೋಗಿ ನಿಂತಳು. ಅವನಿಗೆ ನೀರು ಕುಡಿಸುವಾಗ ಹಾಗೆ ನಿಲ್ಲುತ್ತಿದ್ದಳು. ಒಂದು ಕೈ ಬೆನ್ನಿಗೆ, ಒಂದು ಕೈ ಹಣೆಗೆ. ಕೈಗಳು ತಾವಾಗಿಯೇ ಅಲ್ಲಿಗೆ ಹೋದವು. ಮಾತ್ರೆ, ನೀರು. ತಲೆ ಹಿಂದಕ್ಕೆ ವಾಲಿ ಅವಳ ಹೊಟ್ಟೆಗೆ ಒರಗಿತು. ಒಂದು ಗುಟುಕು, ಇನ್ನೊಂದು. ಗಂಟಲಲ್ಲಿ ಏನೋ ತಡೆದು, ಅಲ್ಲೇ ನಿಂತು, ಕೊನೆಗೆ ಇಳಿಯಿತು. ಅತ್ತೆ ಗಂಟಲ ಕುಳಿಯಿಂದ ಎದೆಯವರೆಗೂ ಬೆರಳು ಎಳೆದು, ಅದು ಹೋದ ದಾರಿಯನ್ನು ಹುಡುಕಿದರು.

ಸ್ವಲ್ಪ ಹೊತ್ತು ಹಾಗೆಯೇ ಒರಗಿದ್ದರು. ಅವಳ ಕೈಯನ್ನು ತೆಗೆಯಲು ಹೇಳಲಿಲ್ಲ.

ಆಮೇಲೆ ಎದ್ದು ಒಲೆ ಹಚ್ಚಿದರು. ಬುಟ್ಟಿಯಿಂದ ಬೆಳ್ಳುಳ್ಳಿಯ ಎರಡು ಎಸಳು ತೆಗೆದುಕೊಂಡು, ಅಭ್ಯಾಸದಂತೆ ಎಡಗೈಯನ್ನು ಕಟ್ಟೆಯ ಮೂಲೆಗೆ ಚಾಚಿದರು. ಕೈ ಅಲ್ಲಿ ತಡೆಯಿತು. ರಾತ್ರಿ ತಾವೇ ತೆಗೆದಿಟ್ಟಿದ್ದ ಕುಟ್ಟಾಣಿಯ ಜಾಗದಲ್ಲಿ ಕಲ್ಲಿನ ಮೇಲೆ ದುಂಡನೆಯ ಒಂದು ಬಿಳಿ ಗುರುತು, ಸುತ್ತ ವರ್ಷಗಳ ಕಪ್ಪು. ಅತ್ತೆ ಎಸಳುಗಳನ್ನು ಮಣೆಯ ಮೇಲಿಟ್ಟರು. ಚಾಕುವಿನ ಅಲಗನ್ನು ಅವುಗಳ ಮೇಲೆ ಮಲಗಿಸಿ, ಅಂಗೈಯಿಂದ ಮೆಲ್ಲಗೆ, ಸದ್ದಾಗದಂತೆ ಒತ್ತಿದರು.